ಇಂಜಿನ್ನಿನ ಹಣೆ

ಸಾಹುಕಾರ ರೇವಣಸಿದ್ದಯ್ಯನವರ ಹತ್ತಿ ಬಿಡಿಸುವ ಜಿನ್ನಿನ ಇಂಜಿನ್ನು ಶುರುವಾಗುವುದೇ ಇಲ್ಲ ಅಂತಿದ್ದರೆ ಉಚ್ಚೀರಪ್ಪನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸತ್ತಿತು ಅಂತ ಅತ್ತು ಸುಮ್ಮನಾಗಬಹುದಿತ್ತು. ಈ ಹಾಳಾದದ್ದು ಶುರುವಾಗುತ್ತಿತ್ತು. ಕಾಲು ಗಂಟೆ ಚೆನ್ನಾಗಿ ಓಡುತ್ತಿತ್ತು. ಆಮೇಲೆ ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಸೋಮವಾರದಿಂದ ಇದೇ ಹಾಡು, ಇವತ್ತಿಗೆ ಗುರುವಾರ. ಹೊಳಗುಂದದ ಕಡೆಯಿಂದ ಹತ್ತಿ ಹೇರಿಕೊಂಡು ಬಂದ ಬಂಡಿಗಳು ಅಂಗಳ ತುಂಬಿ, ಗೇಟು ದಾಟಿ, ಆದವಾನಿಯ ಸ್ಟೇಷನ್ ರಸ್ತೆಯವರೆಗೆ ಸಾಲು ನಿಂತಿದ್ದವು. ಎತ್ತುಗಳಿಗೇನೂ ಬೇಸರವಿರಲಿಲ್ಲ. ಬೇಸರವೆಲ್ಲ ಬಂಡಿಯವರಿಗೆ.

ಉಚ್ಚೀರಪ್ಪ ಆ ಇಂಜಿನ್ನಿಗೆ ಹದಿನೆಂಟು ವರ್ಷದಿಂದ ಡ್ರೈವರು. ಇದ್ದಲ್ಲೇ ಇರುವ ಇಂಜಿನ್ನಿಗೆ ಡ್ರೈವರು ಯಾಕಪ್ಪಾ ಅಂತ ಯಾರಾದರೂ ನಕ್ಕರೆ ಅವರ ಜೊತೆ ಒಂದು ತಿಂಗಳು ಮಾತು ಬಿಡುತ್ತಿದ್ದ. ದಿನಾ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, ಮೊದಲು ತನ್ನ ಹಣೆಗೆ, ಆಮೇಲೆ ಇಂಜಿನ್ನಿನ ಗಾಲಿಗೆ ವಿಭೂತಿ ಹಚ್ಚಿ, ಆಮೇಲೆಯೇ ಗಾಲಿ ತಿರುಗಿಸುತ್ತಿದ್ದ. ಅದಿಲ್ಲದೆ ಶುರುಮಾಡಿದ ದಿನ ಒಂದೂ ಇಲ್ಲ.

ಅವತ್ತು ಬೆಳಿಗ್ಗೆ ಸಾಹುಕಾರರು ಇಂಜಿನ್ ಮನೆಯ ಬಾಗಿಲಲ್ಲಿ ಬಂದು ನಿಂತರು.

"ಉಚ್ಚೀರಪ್ಪಾ, ಇವತ್ತು ಹೊತ್ತು ಮುಣುಗೂತನ ಇದು ನಿಲ್ಲಲಾರದಂಗ ಓಡಿದ್ರ ಓಡ್ತು. ಇಲ್ಲಾಂದ್ರ ನಾಳೆ ಕರೆಂಟಿನ ಅರ್ಜಿಗೆ ಸೈ ಹಾಕತೀನಿ. ಮೋಟರಿಗೆ ಡ್ರೈವರು ಬೇಕಾಗಂಗಿಲ್ಲಂತ. ಗುಂಡಿ ಒತ್ತಿದ್ರ ಸಾಕಂತ."

"ಗುಂಡಿ ಒತ್ತಾಕಾದ್ರೂ ಒಬ್ಬ ಬೇಕಲ್ರಿ, ಸಾಹುಕಾರ್ರ?"

"ಅಷ್ಟು ನಾನೇ ಒತ್ತತೀನಿ."

ಉಚ್ಚೀರಪ್ಪ ತಲೆ ತಗ್ಗಿಸಿ ಸ್ಪ್ಯಾನರು ಹಿಡಿದ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೊಲ ಅಂದರೆ ಅವನಿಗೆ ರೈಲಿನಿಂದ ನೋಡುವ ವಸ್ತು.

ಮೂರು ದಿನದಲ್ಲಿ ಅವನು ಬಿಚ್ಚದ ಭಾಗ ಉಳಿದಿರಲಿಲ್ಲ. ಎಣ್ಣೆ ಹೋಗುವ ಪೈಪನ್ನು ಬಾಯಿಂದ ಊದಿದ್ದ, ಸಾಫು. ಜಾಲರಿ ತೊಳೆದಿದ್ದ, ಸಾಫು. ಗಾಲಿಗೆ ಸುತ್ತಿದ ಪಟ್ಟಾ ಸಡಿಲಿಸಿ, ಬಿಗಿಮಾಡಿ, ಮತ್ತೆ ಸಡಿಲಿಸಿದ್ದ. ಪ್ರತಿ ಸಲವೂ ಕೊನೆಗೆ ಮೇಲಿನ ಎಣ್ಣೆ ಟಾಕಿಯ ಮುಚ್ಚಳ ತೆಗೆದು ಇಣುಕುತ್ತಿದ್ದ. ಎಣ್ಣೆ ತುಂಬಿರುತ್ತಿತ್ತು. ಮುಚ್ಚಳ ತಿರುಗಿಸಿ ಬಿಗಿಮಾಡಿ, ವಿಭೂತಿ ಹಚ್ಚಿ, ಗಾಲಿ ತಿರುಗಿಸಿದರೆ ಇಂಜಿನ್ನು ಶುರು. ಕಾಲು ಗಂಟೆಗೆ ಬಂದ್.

ಈ ಮುಚ್ಚಳದ ಸಮಾಚಾರ ಒಂದು ಮಾತು ಹೇಳಬೇಕು. ಹಳೆಯದು ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು, ಟಾಕಿಯ ಬಾಯಿಗೆ ಗೋಣಿಚೀಲದ ತುಂಡು ತುರುಕಿಯೇ ಕಾಲ ಹೋಗಿತ್ತು. ಹೋದ ಭಾನುವಾರ ಸಾಹುಕಾರರು ಹೊಸ ಹಿತ್ತಾಳೆ ಮುಚ್ಚಳ ತರಿಸಿಕೊಟ್ಟಿದ್ದರು. ಫಳಫಳ ಹೊಳೆಯುವ ದುಂಡು ಮುಚ್ಚಳ. ನಟ್ಟನಡುವೆ ಜೋಳದ ಕಾಳಿನಷ್ಟು ಗುಳಿ. ಉಚ್ಚೀರಪ್ಪನಿಗೆ ಕಣ್ಣು ತುಂಬಿ ಬಂದಿತ್ತು. ಹದಿನೆಂಟು ವರ್ಷದ ಮೇಲೆ ಇಂಜಿನ್ನಿಗೊಂದು ಹಣೆ ಬಂತಲ್ಲ! ಬೊಟ್ಟಿಡಲು ಜಾಗ ಬೇರೆ ಬಿಟ್ಟಿದ್ದಾನೆ ಮಾಡಿದ ಪುಣ್ಯಾತ್ಮ! ಸೋಮವಾರದಿಂದ ಗಾಲಿಯನ್ನು ಬಿಟ್ಟು ಅಲ್ಲೇ ಮೂರು ಗೆರೆ ಎಳೆದು, ಗುಳಿಯಲ್ಲಿ ಗಂಧದ ಬೊಟ್ಟು ಒತ್ತುತ್ತಿದ್ದ.

ಇಂಜಿನ್ನು ನಿಂತಾಗಲೆಲ್ಲ ಅವನಿಗೆ ತೋಚಿದ್ದು ಒಂದೇ, ಭಕ್ತಿ ಸಾಲದು. ಯಾಕೆ ತೋಚಬಾರದು? ಹಚ್ಚಿದ ಕೂಡಲೇ ಶುರುವಾಗುತ್ತಿತ್ತಲ್ಲ. ಹಾಗಾಗಿ ಸಲದಿಂದ ಸಲಕ್ಕೆ ವಿಭೂತಿ ದಪ್ಪವಾಗುತ್ತ ಹೋಯಿತು.

ಈ ಲೆಕ್ಕ ಸಾಹುಕಾರರಿಗೂ ಸರಿಕಂಡಿತು. ಮಧ್ಯಾಹ್ನ ಅವರೇ ಉರುಕುಂದದ ಈರಣ್ಣನ ಗುಡಿಯಿಂದ ತರಿಸಿದ ವಿಭೂತಿ ಹಿಡಿದು ಬಂದರು. ನೀರಲ್ಲಿ ಕಲಸಿ ತಮ್ಮ ಕೈಯಾರೆ ಮುಚ್ಚಳಕ್ಕೆ ಬಳಿದರು. ಗೋಡೆಗೆ ಸುಣ್ಣ ಅಷ್ಟು ಹಾಕುವುದಿಲ್ಲ. ಉಚ್ಚೀರಪ್ಪ ಗಾಲಿ ತಿರುಗಿಸಿದ, ಇಂಜಿನ್ನು ಗುಡುಗಿತು.

"ಹೆಂಗೈತಿ?" ಅಂದರು ಸಾಹುಕಾರರು, ಮೀಸೆಯಲ್ಲೇ ನಕ್ಕು. ಅವರು ಗದ್ದಿಗೆ ಹೋಗಿ ಕೂತು ಒಂದು ಎಲೆಯಡಿಕೆ ಮುಗಿಸುವಷ್ಟರಲ್ಲಿ ನಿಂತಿತು. ಇಂಜಿನ್ ಮನೆಯ ಕಡೆ ಅವರು ತಿರುಗಿ ಬರಲಿಲ್ಲ. ಉಚ್ಚೀರಪ್ಪನಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವನು ಗೇಟಿನ ಹತ್ತಿರ ದಸ್ತಗಿರಮ್ಮನ ಒಲೆಯ ಮುಂದೆ ಬಂದು ಕುಸಿದು ಕೂತ. ಆಕೆ ಬೇವಿನ ಮರದಡಿ ಉಗ್ಗಾಣಿ, ಮಿರ್ಚಿ ಭಜಿ ಮಾಡಿ ಮಾರುವವಳು. ಇಂಜಿನ್ನು ನಿಂತದ್ದರಿಂದ ಊರಲ್ಲಿ ಯಾರಿಗಾದರೂ ಒಳ್ಳೆಯದಾಗಿದ್ದರೆ ಆಕೆಗೆ ಮಾತ್ರ. ಬಂಡಿಯವರೆಲ್ಲ ಅಲ್ಲೇ ಬಿದ್ದಿದ್ದರು.

"ತಿನ್ನು ತಮ್ಮಾ. ಕೆಲಸ ಹೋದಮ್ಯಾಲ ಹಸಿವು ಆಗಂಗಿಲ್ಲ."

"ಬಾಯಿಗೆ ಬಂದಂಗ ಅನಬ್ಯಾಡಕ್ಕಾ."

ಆಕೆ ಕಡಲೆಬೀಜದ ಎಣ್ಣೆಯ ಹೊಸ ಡಬ್ಬ ಎಳೆದುಕೊಂಡಳು. ಮೂಲೆಯಲ್ಲಿ ಮೊಳೆಯಿಟ್ಟು ಕಲ್ಲಿನಿಂದ ಹೊಡೆದು ತೂತು ಮಾಡಿ ಬಾಣಲೆಗೆ ಬಗ್ಗಿಸಿದಳು. ಎಣ್ಣೆ ಬಂತು. ಗಳಗಳ ಅಂತು. ಸಣ್ಣಗಾಯಿತು. ನಿಂತಿತು.

ಉಚ್ಚೀರಪ್ಪನ ಕೈಯಲ್ಲಿದ್ದ ಭಜಿ ಬಾಯಿಯ ಹತ್ತಿರ ಹೋದದ್ದು ಅಲ್ಲೇ ಉಳಿಯಿತು. "ಯಾಕ ನಿಂತ್ತು? ಡಬ್ಬ ತುಂಬೈತಲ್ಲ?"

"ಒಂದೇ ತೂತಿಗೆ ಎಣ್ಣಿ ಬರತೈತೇನೋ ಹುಚ್ಚಪ್ಪಾ? ಎಣ್ಣಿ ಹೊರಗ ಬರಬೇಕಂದ್ರ ಗಾಳಿ ಒಳಗ ಹೋಗಬೇಕು." ಆಕೆ ಎದುರು ಮೂಲೆಗೆ ಇನ್ನೊಂದು ತೂತು ಹೊಡೆದಳು. ಎಣ್ಣೆ ದಾರದಂತೆ ಇಳಿಯಿತು.

ಭಜಿ ನೆಲಕ್ಕೆ ಬಿತ್ತು. ಉಚ್ಚೀರಪ್ಪ ಪಕ್ಕದ ಬೇಲಿಯಿಂದ ಒಂದು ಜಾಲಿಮುಳ್ಳು ಕಿತ್ತುಕೊಂಡು ಓಡಿದ.

ಟಾಕಿಯ ಮುಂದೆ ಮಾತ್ರ ಕೈ ಮೇಲೇಳಲಿಲ್ಲ. ತಾನು ಹಚ್ಚಿದ್ದಾದರೆ ಒರೆಸಿ ತಪ್ಪಾಯಿತು ಅನ್ನಬಹುದಿತ್ತು. ಮೇಲಿನ ಪದರ ಈರಣ್ಣನ ವಿಭೂತಿ, ಅದೂ ಸಾಹುಕಾರರ ಕೈಯದು. ಒರೆಸಿದರೆ ಬೈಗಳೋ ಶಾಪವೋ, ಒರೆಸದಿದ್ದರೆ ಮೋಟರು. "ಈರಣ್ಣಾ, ನೀನೂ ಗಾಳಿ ಇದ್ರ ಬದುಕಾಂವ. ತಿಳಕೋ" ಅಂತ ಹೇಳಿ ಹೆಗಲ ಮೇಲಿನ ಟವಲಿನಿಂದ ಒರೆಸಿದ. ಕಲ್ಲಾಗಿದ್ದ ಗಂಧವನ್ನು ಮುಳ್ಳಿನಿಂದ ಕೆದಕಿದ. ಗುಳಿಯ ತಳದಲ್ಲಿ ಸೂಜಿಯಷ್ಟು ತೂತು. ಮುಳ್ಳು ಒಳಗಿಳಿದದ್ದೇ ತಡ, ಟಾಕಿ ಸುಯ್ ಅಂತ ಉಸಿರೆಳೆಯಿತು. ಇಷ್ಟು ದಿನ ಅದು ಶುರುವಾಗುತ್ತಿದ್ದದ್ದು ವಿಭೂತಿಗಲ್ಲ, ಇಣುಕಲು ಮುಚ್ಚಳ ತೆಗೆದಾಗ ಒಳಹೊಕ್ಕ ಗಾಳಿಗೆ. ನಾಲ್ಕು ದಿನ ಪಾಪ ಅದರ ಮೂಗು ಹಿಡಿದವನು ತಾನೇ ಅಂತ ಉಚ್ಚೀರಪ್ಪನಿಗೆ ನಾಚಿಕೆಯಾಯಿತು.

ಇಂಜಿನ್ನು ಓಡಿತು. ಕಾಲು ಗಂಟೆ ಕಳೆಯಿತು, ಅವನು ಕಣ್ಣು ಮುಚ್ಚಿಕೊಂಡಿದ್ದ. ಅರ್ಧ ಗಂಟೆ ಕಳೆಯಿತು. ಬಂಡಿಗಳು ಒಂದೊಂದೇ ಒಳಗೆ ಬಂದವು. ದಸ್ತಗಿರಮ್ಮ ಮಾತ್ರ ಮುಖ ಸಿಂಡರಿಸಿಕೊಂಡು ಉಳಿದ ಭಜಿ ಎಣಿಸಿದಳು.

ಹೊತ್ತು ಮುಣುಗುವಾಗ ಸಾಹುಕಾರರು ಬಂದರು. ಇಂಜಿನ್ನಿನ ಸದ್ದು ಕೇಳಿ ಅರಳಿದ್ದ ಮುಖ ಮುಚ್ಚಳ ನೋಡಿ ಬಿಗಿಯಿತು.

"ಹಣಿ ಯಾರು ಬೋಳು ಮಾಡಿದ್ರು?"

"ನಾನರಿ." ಉಚ್ಚೀರಪ್ಪ ಎಣ್ಣೆ ಡಬ್ಬದ ಕಥೆ, ತೂತಿನ ಕಥೆ, ತನ್ನ ಬೊಟ್ಟಿನ ಕಥೆ ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಸಾಹುಕಾರರಿಗೆ ಅರ್ಧ ತಿಳಿಯಿತು. ತಿಳಿದ ಅರ್ಧಕ್ಕೆ ಸಂತೋಷವಾಗಿ, ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಬೆರಳಿಗೆ ಉಜ್ಜಿಕೊಂಡು, ಮಧ್ಯಾಹ್ನದಂತೆಯೇ ಮುಚ್ಚಳದ ಕಡೆ ಕೈ ಚಾಚಿದರು.

ಉಚ್ಚೀರಪ್ಪ ಆ ಕೈ ಹಿಡಿದುಬಿಟ್ಟ.

ಹದಿನೆಂಟು ವರ್ಷದಲ್ಲಿ ಅವನು ಸಾಹುಕಾರರ ಧೋತರದ ಅಂಚನ್ನೂ ಸೋಕಿದವನಲ್ಲ. ಜಿನ್ನಿನ ಆಳುಗಳು ಹತ್ತಿ ಬುಟ್ಟಿ ಹಿಡಿದುಕೊಂಡೇ ನಿಂತರು. ಕೈ ಬಿಡಬೇಕು ಅಂತ ಅವನಿಗೆ ಗೊತ್ತಿತ್ತು, ಬೆರಳು ಮಾತು ಕೇಳಲಿಲ್ಲ.

"ಬ್ಯಾಡ್ರಿ," ಅಂದ. "ಅದಕ್ಕ ಉಸಿರು ಕಟ್ಟತೈತಿ."

ಸಾಹುಕಾರರು ತಮ್ಮನ್ನು ಹಿಡಿದ ಕೈಯನ್ನೂ ಅವನ ಮುಖವನ್ನೂ ನೋಡಿದರು.

"ಮೋಟರಾಗಿದ್ರ ಹಿಂಗ ನನ್ನ ಕೈ ಹಿಡಿಯಾವ್ರು ಯಾರು ಇರತಿದ್ರಪ್ಪ," ಅಂದರು. "ಅರ್ಜಿ ಇರಲಿ ಬಿಡು, ಮುಂದ ನೋಡಾಮು." ಆಮೇಲೆ ಉಜ್ಜಿಕೊಂಡ ವಿಭೂತಿ ವ್ಯರ್ಥವಾಗಬಾರದಲ್ಲ, ಆ ಬೆರಳುಗಳನ್ನು ಉಚ್ಚೀರಪ್ಪನ ಹಣೆಯ ಕಡೆ ತಂದು ಗಕ್ಕನೆ ತಡೆದರು.

"ಇಲ್ಲೆಲ್ಲೂ ತೂತಿಲ್ಲಲ್ಲ?"

"ಇಲ್ರಿ," ಅಂದ ಉಚ್ಚೀರಪ್ಪ, ಮತ್ತು ತಲೆ ಬಗ್ಗಿಸಿದ.