ರಂಗಮ್ಮ ಹೇಳಿದ ಹೆಸರು

ಬೇಡ ಅಂದರೆ ಕೇಳುವ ಹೆಂಗಸಲ್ಲ ರಂಗಮ್ಮ. ಮೆಣಸು ಕೊಯ್ಯುವ ಆಳು ಬರಲಿಲ್ಲವೆಂದು ತಾನೇ ಏಣಿ ಹತ್ತಿದಳು. ಗೋಣಿಬೀಡಿನ ಹತ್ತಿರ ಅವರದು ಮೂರೆಕರೆ ಕಾಫಿ ತೋಟ, ತೊಂಬತ್ತೇಳನೇ ಇಸವಿಯ ಫೆಬ್ರವರಿ. ಏಣಿ ಜಾರಿತು, ತಲೆ ಕಲ್ಲಿಗೆ ಬಡಿಯಿತು, ಎರಡು ನಿಮಿಷ ಪ್ರಜ್ಞೆಯೇ ಇರಲಿಲ್ಲ. ಆಮೇಲೆ ಎದ್ದು ಕೂತು ನೀರು ಕುಡಿದು, ಚೆಲ್ಲಿದ ಮೆಣಸು ಬಾಚಿ ಅಂತ ಗಂಡ ತಮ್ಮಯ್ಯನಿಗೇ ಕೆಲಸ ಹೇಳಿದಳು. ಪಕ್ಕದ ಎಸ್ಟೇಟಿನ ಜೀಪು ಸಿಕ್ಕಿ ಮೂಡಿಗೆರೆಯ ಒಂದು ನರ್ಸಿಂಗ್ ಹೋಮ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಅಲ್ಲಿನ ಡಾಕ್ಟರ್ ಶಶಿಧರ್ ಬಯಲುಸೀಮೆಯ ಕಡೆಯವರು, ಇನ್ನೂ ಎಳೆ ವಯಸ್ಸು, ಒಳ್ಳೆಯ ಮನುಷ್ಯ. ತಲೆಗೆ ಪೆಟ್ಟಾದವರಿಗೆ ಶಾಲೆಯ ಪರೀಕ್ಷೆಯ ಹಾಗೆ ಅಂಕ ಕೊಡುತ್ತಾರಂತೆ! ಕಣ್ಣು ಬಿಡುವುದಕ್ಕಿಷ್ಟು, ಮಾತಿಗಿಷ್ಟು, ಹೇಳಿದಂತೆ ಕೈಕಾಲು ಆಡಿಸುವುದಕ್ಕಿಷ್ಟು, ಒಟ್ಟು ಹದಿನೈದು. ರಂಗಮ್ಮ ಕಣ್ಣು ಬಿಟ್ಟಳು, ಕೈ ಎತ್ತಿದಳು, ಊರು ಹೇಳಿದಳು, ವಾರ ಹೇಳಿದಳು. ಕೊನೆಗೆ ಡಾಕ್ಟರು ಗಂಡನ ಹೆಸರು ಕೇಳಿದರು.

"ತಮ್ಮಯ್ಯ," ಅಂದಳು, ವಾರ್ಡಿಗೆಲ್ಲ ಕೇಳುವಂತೆ.

ಹದಿನೈದಕ್ಕೆ ಹದಿನೈದು, ಸಂಜೆ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಬರೆದೇಬಿಟ್ಟರು. ತಮ್ಮಯ್ಯ ಮಾತ್ರ ಬೆಚ್ಚಿ ಹೆಂಡತಿಯ ಮುಖ ನೋಡಿದ. ಮದುವೆಯಾಗಿ ಮೂವತ್ತು ವರ್ಷ, ಅವನ ಹೆಸರು ಅವಳ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. ಜನಗಣತಿಯ ಮೇಷ್ಟ್ರು ಜಗಲಿಯಲ್ಲಿ ಕೂತು ಎಷ್ಟು ಗೋಗರೆದರೂ ಹೇಳದೆ, ಪಕ್ಕದ ಮನೆಯವರನ್ನು ಕೂಗಿ ಕರೆದು ಹೇಳಿಸಿದವಳು ಅವಳು.

"ಡಾಕ್ಟ್ರೇ, ಇವಳ ತಲೆಗೆ ಏನೋ ಆಗಿದೆ. ನೆಟ್ಟಗಿದ್ದಿದ್ರೆ ಇವಳು ನನ್ನ ಹೆಸರು ಹೇಳ್ತಿರ್ಲಿಲ್ಲ."

ಡಾಕ್ಟರಿಗೆ ನಗು ಬಂತು. ಸರಿಯಾದ ಉತ್ತರ ಕೊಟ್ಟವರಿಗೆ ಏನು ಔಷಧಿ ಕೊಡುವುದು ಯಜಮಾನ್ರೇ ಅಂದರು. ತಮ್ಮಯ್ಯ ಬಿಳಿ ಕೋಟಿನವರೆದುರು ಬಾಯಿ ಬಿಡುವ ಆಸಾಮಿಯೇ ಅಲ್ಲ. ಅವತ್ತು ಬಾಗಿಲಿಗೆ ಅಡ್ಡ ನಿಂತ. ಇನ್ನೊಂದು ಸಲ ನೋಡುವ ತನಕ ಜಪ್ಪಯ್ಯ ಅಂದರೂ ಕದಲುವುದಿಲ್ಲವೆಂದ. ಅಷ್ಟರಲ್ಲಿ ಹಾಸಿಗೆಯಿಂದ ರಂಗಮ್ಮ ಕೂಗಿದಳು.

"ಏ ತಮ್ಮಯ್ಯ, ಬಾರೋ ಇಲ್ಲಿ."

ನರ್ಸ್ ರೇವತಿ ಕಳಸದವಳು. ಅವಳ ತಾಯಿಯೂ ಗಂಡನ ಹೆಸರು ಹೇಳದವಳೇ. ಟಾರ್ಚ್ ತಂದು ಡಾಕ್ಟರ ಕೈಗಿಟ್ಟಳು. ಬೆಳಕು ಬಿದ್ದೊಡನೆ ಒಂದು ಕಣ್ಣಿನ ಪಾಪೆ ಕಿರಿದಾಯಿತು, ಇನ್ನೊಂದು ಸೋಮಾರಿಯಂತೆ ಹಾಗೇ ಇತ್ತು. ಡಾಕ್ಟರು ಇನ್ನೊಂದು ಸಲ ಬೆಳಕು ಬಿಟ್ಟು ನೋಡಿದರು. ತಲೆಯೊಳಗೆ ರಕ್ತ ಕಟ್ಟುತ್ತಿದೆ, ಈಗಲೇ ಮಂಗಳೂರು ಸೇರದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ತಪ್ಪು ನನ್ನದು ಎಂದೂ ಹೇಳಿದರು, ದೊಡ್ಡ ಮನಸ್ಸು. ಅದೇ ಜೀಪು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಿತು. ಮಾತು ನಿಂತು ಮಂಪರಿಗೆ ಜಾರುತ್ತಿದ್ದ ರಂಗಮ್ಮನ ನಾಡಿ ಹಿಡಿದು ಡಾಕ್ಟರೇ ಜೊತೆಗೆ ಕೂತರು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ರಕ್ತದ ಗಡ್ಡೆ ತೆಗೆದರು. ಮೂರನೇ ದಿನ ಬೆಳಿಗ್ಗೆ ರಂಗಮ್ಮ ಕಣ್ಣು ಬಿಟ್ಟಾಗ ಅಲ್ಲಿನ ಸರ್ಜನ್ ಕಾಗದ ಹಿಡಿದು ಬಂದರು. ಅವಳು ಊರು ಹೇಳಿದಳು, ಬೆರಳು ಮಡಿಸಿ ತೋರಿಸಿದಳು. ಗಂಡನ ಹೆಸರು ಕೇಳಿದರೆ ತುಟಿ ಬಿಚ್ಚಲಿಲ್ಲ. ಎರಡನೇ ಸಲ ಕೇಳಿದರೂ ಇಲ್ಲ. ಮರೆತಿರಬೇಕೆಂದು ಸರ್ಜನ್ ಅಂಕ ಕಳೆಯಲು ಪೆನ್ನು ತೆಗೆದರು. ತಮ್ಮಯ್ಯ ಮಂಚದ ಪಕ್ಕದಲ್ಲೇ ನಿಂತಿದ್ದ.

ರಂಗಮ್ಮ ನಾಚಿ ಮುಖ ಆಚೆ ತಿರುಗಿಸಿದಳು. "ಅಲ್ಲೇ ನಿಂತಿದಾರಲ್ಲ, ಅವ್ರನ್ನೇ ಕೇಳಿ."

ತಮ್ಮಯ್ಯನ ಕಣ್ಣಿಂದ ನೀರು ದಳದಳ ಇಳಿಯಿತು. ಗೆದ್ದವನ ಹಾಗೆ ನಗುತ್ತಾ ಸರ್ಜನ್ನರ ಕೈ ಹಿಡಿದುಕೊಂಡ.

"ಪೂರ್ತಿ ಮಾರ್ಕು ಹಾಕಿ, ಡಾಕ್ಟ್ರೇ."