ಬಾಗಿಲಣ್ಣನ ಯಂತ್ರ ಗದರಿದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದೇ. ಗ್ರಂಥಾಲಯದ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಬಾಗಿಲಣ್ಣ. ಯಾರು ಒಳಗೆ ಕಾಲಿಟ್ಟರೂ "ಬಾಗಿಲು ಹಾಕ್ರೀ, ಧೂಳು!" ಎಂದು ಗದರುವುದು ಅವನ ಚಾಳಿ.

ಆ ಬೆಳಿಗ್ಗೆ ಮಾತ್ರ ಅವನಿಗೇ ಪರೀಕ್ಷೆ. ಹತ್ತಕ್ಕೆ ಗ್ರಂಥಾಲಯದ ನಿರ್ದೇಶಕಿ ಬರುವವರಿದ್ದರು. ಗ್ರಂಥಾಲಯದ ಕಂಪ್ಯೂಟರುಗಳನ್ನೆಲ್ಲ ನಡೆಸುವ ದೊಡ್ಡ ಯಂತ್ರವಾದ ಸರ್ವರನ್ನು ಅವನ ಕೈಯಲ್ಲೇ ಬಿಡುವುದೋ, ಹೊರಗಿನ ಕಂಪನಿಗೆ ಒಪ್ಪಿಸಿ ಅವನನ್ನು ಪುಸ್ತಕ ಜೋಡಿಸಲು ಕಳಿಸುವುದೋ, ಇವತ್ತೇ ತೀರ್ಮಾನ.

ಒಂಬತ್ತಕ್ಕೆ ಯಂತ್ರವನ್ನು ಚಾಲೂ ಮಾಡಿ ನೋಡಿದ. ಯಂತ್ರ ತಾನಾಗಿ ನಡೆಸುವ ಕೆಲಸಗಳು, ಅಂದರೆ ಸೇವೆಗಳು, ಪರದೆಯ ಮೇಲೆ ಒಂದೊಂದಾಗಿ ಎದ್ದವು. ನೆಟ್‌ವರ್ಕ್ ಎದ್ದಿತು, ಪುಸ್ತಕಗಳ ಪಟ್ಟಿ ಎದ್ದಿತು. ಆಮೇಲೆ, ಮುಚ್ಚುವ ಹೊತ್ತನ್ನು ಸಾರಲು ಇಟ್ಟ ಸ್ಪೀಕರ್ ಒಂದು ಸಲ ಕೆಮ್ಮಿ, "ಬಾಗಿಲು ಹಾಕ್ರೀ, ಧೂಳು!" ಎಂದಿತು.

ಬಾಗಿಲಣ್ಣ ತಿರುಗಿ ನೋಡಿದ. ಬಾಗಿಲು ಹಾಕಿಯೇ ಇತ್ತು. ಮಾತು ತನ್ನದು, ದನಿ ಯಾರದು?

"ಗಿಣಿಯಕ್ಕಾ, ಕೇಳಿಸ್ತಾ?"

ಮೂಲೆಯಲ್ಲಿ ಕೂತು ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದ ಗಿಣಿಯಕ್ಕ ತಲೆ ಎತ್ತಲಿಲ್ಲ. ಊರಿನ ಎಲ್ಲರ ದನಿಯನ್ನೂ ಅನುಕರಿಸಬಲ್ಲ ಅವಳಿಗೆ ಸರ್ವರಿನ ಕೆಲಸ ಕಲಿಸಿದವನೂ ಅವನೇ. "ನಂಗೇನೂ ಕೇಳಿಸ್ಲಿಲ್ಲಪ್ಪ. ನಿದ್ದೆ ಸರಿಯಾಗಿ ಆಯ್ತಾ?"

ಓಡುತ್ತಿರುವ ಸೇವೆಗಳನ್ನು ಹುಡುಕಿದ. ತಾನು ಹಾಕದ ಒಂದು ಸಿಕ್ಕಿತು. ನಿಲ್ಲಿಸಿದ. ನಿಟ್ಟುಸಿರಿಟ್ಟು, ಖಾತ್ರಿಗೆಂದು ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದ. ಮತ್ತೆ ಕೆಮ್ಮು!

"ಈಗ ತಾನೆ ನಿಲ್ಲಿಸಿದ್ನಲ್ಲೋ ಮಾರಾಯಾ!" ಎಂದು ಯಂತ್ರಕ್ಕೇ ಬೈದ. ಮತ್ತೆ ನಿಲ್ಲಿಸಿದ, ಮತ್ತೆ ಚಾಲೂ ಮಾಡಿದ, ಮತ್ತೆ ಅದೇ ರಾಗ.

ಅಷ್ಟರಲ್ಲಿ ನಿರ್ದೇಶಕಿ ಒಳಬಂದರು. "ಎಲ್ಲಿ, ಚಾಲೂ ಮಾಡಿ ನೋಡೋಣ." ಬಾಗಿಲಣ್ಣ ಗುಂಡಿ ಒತ್ತಿದ. ಸ್ಪೀಕರ್ ಕೆಮ್ಮಿತು: "ಬಾಗಿಲು ಹಾಕ್ರೀ, ಧೂಳು!"

ನಿರ್ದೇಶಕಿ ಬೆಚ್ಚಿ, ಓಡಿಹೋಗಿ ಬಾಗಿಲು ಹಾಕಿ ಬಂದರು.

ಇನ್ನು ಉಳಿದದ್ದು ಒಂದೇ. ಆ ಸೇವೆಯ ಕಡತವನ್ನೇ ತೆರೆದ. ಮೊದಲ ಸಾಲಿನಲ್ಲೇ ಬರೆದಿತ್ತು: 'ನಿಲ್ಲಿಸಿದ್ರೆ ಆ ಹೊತ್ತಿಗಷ್ಟೇ ಸುಮ್ಮನಿರುತ್ತೆ. ಯಂತ್ರ ಎದ್ದಾಗ ತಾನಾಗಿ ಶುರುವಾಗೋ ಸೇವೆಗಳ ಪಟ್ಟಿಯಿಂದಲೇ ತೆಗೆದ್ರೆ ಮತ್ತೆ ಏಳಲ್ಲ. ನೀವೇ ಕಲಿಸಿದ್ದು.'

"ಅಯ್ಯೋ ನನ್ನ ಬುದ್ಧಿಗಿಷ್ಟು!" ಹಣೆ ಚಚ್ಚಿಕೊಂಡು ಪಟ್ಟಿಯಿಂದ ತೆಗೆದು ಮತ್ತೆ ಚಾಲೂ ಮಾಡಿದ. ಯಂತ್ರ ತೆಪ್ಪಗೆ ಎದ್ದಿತು. ನಿಲ್ಲಿಸುವುದಕ್ಕೂ ಪಟ್ಟಿಯಿಂದ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ನಿರ್ದೇಶಕಿಗೂ ಬಿಡಿಸಿ ಹೇಳಿದ.

"ನಂಗೂ ಅರ್ಥ ಆಗೋ ಹಾಗೆ ಹೇಳಿದವರು ನೀವೇ ಮೊದಲು," ಎಂದರು ಅವರು. "ಸರ್ವರ್ ನಿಮ್ಮ ಹತ್ರಾನೇ ಇರಲಿ. ಆದ್ರೆ ಆ ದನಿ ಯಾರ್ದು?"

ಮೂಲೆಯಿಂದ ಗಿಣಿಯಕ್ಕ ಸ್ಪೀಕರಿನಂತೆಯೇ ಕೆಮ್ಮಿದಳು. "ಬಾಗಿಲು ಹಾಕ್ರೀ, ಧೂಳು!"

ಬಾಗಿಲಣ್ಣ ಅವಳತ್ತ ತಿರುಗಿದ. "ನಾನು ಇಷ್ಟು ಕೆಟ್ಟದಾಗಿ ಕಿರುಚ್ತೀನಾ?"

"ಇದಕ್ಕಿಂತ ಜೋರಾಗಿ," ಎಂದಳು ಅವಳು.

ನಿರ್ದೇಶಕಿ ಕಿಸಕ್ಕೆಂದರು, ಗಿಣಿಯಕ್ಕ ಹೊಟ್ಟೆ ಹಿಡಿದುಕೊಂಡಳು. ಆದರೆ ಓದುವ ಕೋಣೆಯವರೆಲ್ಲ ಎದ್ದು ಬಂದು ಬಾಗಿಲು ತೆರೆದು ನೋಡುವಷ್ಟು ಜೋರಾಗಿ ನಕ್ಕವನು ಬಾಗಿಲಣ್ಣನೇ. ಧೂಳು ಬಂದದ್ದು ಅವನ ಗಮನಕ್ಕೇ ಬರಲಿಲ್ಲ.