ಹುಲ್ಲುಗಾವಲಿನ ಮುಳ್ಳುಪಟ್ಟಿ

ಮುಟ್ಟುವ ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯವನಲ್ಲ. ಒಳ್ಳೆಯವನಾಗಲಿ ಅಂತ ನನ್ನನ್ನು ಯಾರೂ ಮಾಡಲಿಲ್ಲ. ನಾನು ಕುರಿಗಾರರ ನಾಯಿಯ ಕೊರಳಿಗೆ ಕಟ್ಟುವ ಕಬ್ಬಿಣದ ಮುಳ್ಳುಪಟ್ಟಿ. ಮುರಿದ ಚಕ್ಕಡಿಯ ಹಳಿಯನ್ನು ಕುಲುಮೆಗೆ ಹಾಕಿ, ಕಮ್ಮಾರ ಮೌನೇಶ ನನ್ನನ್ನು ಬಡಿದು ಬಡಿದು ಹುಟ್ಟಿಸಿದ. ಸುತ್ತಲೂ ಬೆರಳುದ್ದದ ಮೊಳೆಗಳನ್ನು ಹೊರಮುಖವಾಗಿ ಕೂರಿಸಿದ. ಚೂಪು ನೋಡಲು ಹೆಬ್ಬೆರಳು ಒತ್ತಿದರೆ ರಕ್ತ ಬಂತು. "ಎಲಾ ಇದರ! ಹುಟ್ಟಿಸಿದಾಂವನ್ನೇ ಕಚ್ಚತೈತಲ್ಲೋ" ಅಂತ ನಕ್ಕ. ನನಗೂ ಖುಷಿಯಾಯಿತು.

ತೋಳ ಮೊದಲು ಹಿಡಿಯುವುದೇ ನಾಯಿಯ ಗಂಟಲು. ಅದರ ಬಾಯಿಗೂ ಆ ಗಂಟಲಿಗೂ ನಡುವೆ ನಾನಿರಬೇಕು. ನನಗಿರುವ ಕೆಲಸ ಅದೊಂದೇ.

ನನ್ನನ್ನು ಕೊಂಡವನು ಕುರಿಗಾರ ಮಾಳಿಂಗಪ್ಪ. ಅವನು ಕುರಿ ಮೇಯಿಸುತ್ತಿದ್ದ ಹುಲ್ಲುಗಾವಲು ನೋಡಿದೆ. ಅಬ್ಬಬ್ಬಾ, ಎಂಥ ಹಾಳು ಬಯಲು! ಕಣ್ಣು ಹಾಯುವಷ್ಟೂ ಹುಲ್ಲು. ಮರವಿಲ್ಲ, ನೆರಳಿಲ್ಲ. ರಸ್ತೆಯ ಮೇಲೆ ಹೋಗುವವರು ನಿಂತು "ಎಷ್ಟು ಚೆಂದ" ಅನ್ನುತ್ತಾರೆ. ದೂರದ ಬೆಟ್ಟ ನುಣ್ಣಗೆ! ಒಳಗೆ ಕಾಲಿಟ್ಟು ನೋಡಲಿ. ಹುಲ್ಲಿನ ತೆನೆಯ ಮುಳ್ಳು ಉಣ್ಣೆ ದಾಟಿ ಕುರಿಯ ತೊಗಲಿಗೇ ಇಳಿಯುತ್ತದೆ. ಬೇಸಿಗೆಯ ಬಿಸಿಲಿಗೆ ನಾನೇ ಕಾದು ಕೆಂಡವಾಗುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ಸೊಂಟಮಟ್ಟ ಬೆಳೆದು, ಅದರೊಳಗೆ ತೋಳ ಕೂತರೆ ದೇವರಿಗೂ ಕಾಣದು.

ನನ್ನ ಪಾಲಿಗೆ ಬಂದ ಕೊರಳು ಹುರಮಂಜಿಯದು. ಕೆಮ್ಮಣ್ಣಿನ ಬಣ್ಣದ ಹೆಣ್ಣುನಾಯಿ. ಮೊದಮೊದಲು ನನ್ನನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಕಾಲಿನಿಂದ ಕೆರೆಯುತ್ತಿತ್ತು, ಕಲ್ಲಿಗೆ ತಿಕ್ಕುತ್ತಿತ್ತು. ಮಾಳಿಂಗಪ್ಪನ ಸೊಸೆ ದುರುಗವ್ವ ಹಳೆಯ ಕಂಬಳಿಯ ತುಂಡನ್ನು ನನ್ನ ಒಳಮೈಗೆ ಹೊಲಿದಳು. ಆಮೇಲೆ ನಾವಿಬ್ಬರೂ ಹೊಂದಿಕೊಂಡೆವು.

ಒಂದು ಮುಂಜಾನೆ ತೋಳ ಬಂತು. ಹುರಮಂಜಿಯ ಗಂಟಲಿಗೇ ಹಾರಿ ನನ್ನನ್ನು ಕಚ್ಚಿತು. ಕಚ್ಚು ಮಗನೇ, ಕಚ್ಚು! ಅದರ ಕೋರೆಹಲ್ಲು ಲಟಕ್ಕನೆ ಮುರಿಯಿತು. ಬಾಯಿ ತುಂಬ ರಕ್ತ ಕಾರುತ್ತ ಓಡಿತು. ನನ್ನ ಬಾಳಿನಲ್ಲಿ ಅಂಥ ಸುಖ ಮತ್ತೆ ಸಿಗಲಿಲ್ಲ.

ಕೇಡು ಶುರುವಾದದ್ದೂ ಅಲ್ಲಿಂದಲೇ. ಮಾಳಿಂಗಪ್ಪ ಕಂಡಕಂಡವರಿಗೆಲ್ಲ ನನ್ನನ್ನು ತೋರಿಸಿ, "ಇದು ಕಬ್ಬಿಣಲ್ಲೋ ತಮ್ಮಾ, ದೇವರು" ಅನ್ನತೊಡಗಿದ.

ಮಹಾನವಮಿ ಬಂತು. ಅಂದು ಖಂಡೆಪೂಜೆ. ಕಬ್ಬಿಣದ ಸಾಮಾನನ್ನೆಲ್ಲ ತೊಳೆದು ಪೂಜೆಗಿಡುವ ದಿನ. ಪೂಜೆಗಿಟ್ಟ ಕಬ್ಬಿಣಕ್ಕೆ ಅಂದು ಕೆಲಸ ಹೇಳುವಂತಿಲ್ಲ. ಮಾಳಿಂಗಪ್ಪ ಹುರಮಂಜಿಯ ಕೊರಳಿಗೆ ಕೈ ಹಾಕಿದ.

"ಮಾವ, ನಾಯಿ ಪಟ್ಟಿ ಬಿಚ್ಚಬ್ಯಾಡ್ರಿ" ಅಂದಳು ದುರುಗವ್ವ. "ಹಬ್ಬ ನಮಗ. ತೋಳಕ್ಕೇನು ಗೊತ್ತು?"

"ಸುಮ್ಕಿರವ್ವ. ಹಲ್ಲು ಮುರದ ದೇವರಿದು. ವರ್ಸಕ್ಕೊಂದು ದಿನ ಬಿಡುವು ಬ್ಯಾಡೇನು?"

ಯಾರಿಗೆ ಬೇಕಿತ್ತು ಬಿಡುವು? ಕೊಡಲಿಗೂ ಉಣ್ಣೆ ಕತ್ತರಿಗೂ ನಡುವೆ ನನ್ನನ್ನು ಕಂಬಳಿಯ ಮೇಲೆ ಮಲಗಿಸಿ, ಮೊಳೆಮೊಳೆಗೆ ಚೆಂಡುಹೂ ಸಿಕ್ಕಿಸಿದರು. ಹೊತ್ತಿನ್ನೂ ಮುಳುಗಿರಲಿಲ್ಲ. ಕುರಿಗಳು ದಡದಡ ಚೆದುರಿದವು. ಹುರಮಂಜಿ ಬೊಗಳುತ್ತ ಹುಲ್ಲಿಗೆ ನುಗ್ಗಿತು. ಮಾಳಿಂಗಪ್ಪನ ಕೈ ಕೊಡಲಿಯ ಮೇಲೆ ಹೋಗಿ, ಕುಂಕುಮ ಕಂಡು ನಿಂತುಬಿಟ್ಟಿತು. ಥೂ ನಿನ್ನ ಭಕ್ತಿಗಿಷ್ಟು! ದುರುಗವ್ವ ಕಲ್ಲು ಹಿಡಿದು ಓಡಿದಳು. ಅವಳು ಮುಟ್ಟುವುದರೊಳಗೆ ಬೊಗಳುವುದು ನಿಂತಿತ್ತು. ಹುರಮಂಜಿಯನ್ನು ಎತ್ತಿಕೊಂಡು ಬಂದು ನನ್ನ ಮುಂದೆಯೇ ಮಲಗಿಸಿದಳು. ನಾನಿರಬೇಕಾದ ಜಾಗ ಹರಿದುಹೋಗಿತ್ತು.

ಇಷ್ಟಾದ ಮೇಲೂ ಮುದುಕನಿಗೆ ಬುದ್ಧಿ ಬಂತೆಂದುಕೊಂಡಿರಾ? "ನನ್ನ ಸೇವಾ ಕಡಿಮಿ ಬಿತ್ತು, ದೇವರು ಮುನಿಸ್ಕೊಂಡ" ಎಂದು ಅತ್ತ. ನನ್ನನ್ನು ಒಯ್ದು, ಹುಲ್ಲುಗಾವಲಿನ ಅಂಚಿನ ಬೀರಪ್ಪನ ಗುಡಿಯಲ್ಲಿ ಗೂಟಕ್ಕೆ ನೇತುಹಾಕಿದ. ಎರಡೇ ವರ್ಷಕ್ಕೆ ಅಲ್ಲಿ ಮುದಿಯಾದೆ. ಎಣ್ಣೆ, ಭಂಡಾರದ ಅರಿಶಿನಪುಡಿ, ಊದಿನಕಡ್ಡಿಯ ಹೊಗೆ. ಕಚ್ಚಲು ಏನೂ ಇಲ್ಲ. ಮೊಳೆಗಳಿಗೆ ತುಕ್ಕು ಹಿಡಿದಿದೆ, ಆದರೆ ಮೊಂಡಾಗಿಲ್ಲ.

ಮೊನ್ನೆ ಮಾಳಿಂಗಪ್ಪ ಬಂದ. ಹಿಂದೆ ದುರುಗವ್ವ, ಅವಳ ಕಾಲ ಬಳಿ ಹುರಮಂಜಿ ಬಿಟ್ಟುಹೋದ ಮರಿ. ಬೆಳೆದು ನಾಯಿಯಾಗಿದೆ. ಬರಿಗೊರಳು. ಮುದುಕ ಕಾಯಿ ಒಡೆದು, ನನಗೆ ಭಂಡಾರ ಹಚ್ಚಿ, ಉದ್ದಕ್ಕೆ ಅಡ್ಡಬಿದ್ದ.

"ಹುಲ್ಲು ಎದಿಮಟ ಬೆಳದೈತಿ. ತೋಳದ ಜೋಡಿ ಬಂದಾವಂತ. ಈ ಕೂಸನ್ನ ನೀನೇ ಕಾಯಬೇಕಪ್ಪಾ!"

"ಮಾವ, ಬೇಡ್ಕೊಂಡದ್ದು ಸಾಕ್ರಿ. ಅದನ್ನ ಇಳಿಸಿ ಇದರ ಕೊಳ್ಳಿಗೆ ಕಟ್ರಿ" ಅಂದಳು ದುರುಗವ್ವ. ಕೈ ಮೇಲೆತ್ತಿಯೇ ಬಿಟ್ಟಳು.

ಪೂಜಾರಿ ನಡುವೆ ಬಂದ. ಮುದುಕ ಗದರಿದ: "ದೇವರನ್ನ ನಾಯಿಗೆ ಕಟ್ತಾರೇನ? ಬುದ್ಧಿ ಎಲ್ಲಿಟ್ಟೀಯವ್ವ?"

ಅಯ್ಯೋ, ಕಟ್ಟೋ ಮುದುಕಾ, ಕಟ್ಟು! ನಿನ್ನ ಕಾಯಿ ಬೇಡ, ಕರ್ಪೂರ ಬೇಡ, ಆ ಕೊರಳೊಂದು ಕೊಡು! ಇದ್ದಬದ್ದ ಮೊಳೆಗಳಿಂದೆಲ್ಲ ಕೂಗಿದೆ. ಕಬ್ಬಿಣದ ಕೂಗು ಯಾರಿಗೆ ಕೇಳುತ್ತದೆ?

ಮಾಳಿಂಗಪ್ಪ ನನ್ನ ಮೈಮೇಲಿನ ಭಂಡಾರವನ್ನು ಒಂದು ಚಿಟಿಕೆ ತೆಗೆದು, ತೋಳ ಹಿಡಿಯುವ ಜಾಗಕ್ಕೇ ಸರಿಯಾಗಿ, ಮರಿಯ ಗಂಟಲಿಗೆ ಬಳಿದ. ಅದು ಬಾಲ ಅಲ್ಲಾಡಿಸುತ್ತ ಹುಲ್ಲಿನೊಳಗೆ ಓಡಿತು.